ಗೌಡನ ಮೊಳ

ಕೆಂಬಾಳದ ಹಳೆಯ ಶಾಲೆಯಲ್ಲಿ ಈಗ ನಾಲ್ಕು ಸಂಸಾರಗಳಿವೆ. ಒಂದನೆಯ ಇಯತ್ತೆ ಅಡಿಗೆಮನೆಯಾಗಿದೆ, ಕರಿಹಲಗೆಯಿದ್ದ ಗೋಡೆಗೆ ಟಿ.ವಿ. ತಗುಲಿದೆ, ಹೆಡ್ ಮಾಸ್ತರರ ಕೋಣೆ ಬಚ್ಚಲಾಗಿದೆ. ಕೆಂಪು ಕಲ್ಲಿನ ಆ ಕಟ್ಟಡದ ಬಾಗಿಲಲ್ಲಿ ಆನೆ ನುಗ್ಗಬಹುದು. ಕಿಟಕಿಯಿಂದ ಹೊರಗೆ ಇಣುಕಬೇಕಾದರೆ ಮಕ್ಕಳು ಕುರ್ಚಿ ಹತ್ತಬೇಕು. ಅಲ್ಲಿ ಮನೆ ಕೊಂಡವರು ಇದು ಯಾವುದೋ ಅರಮನೆಯ ಶೈಲಿಯೆಂದು ಬಂದವರೆದುರು ಬೀಗುತ್ತಾರೆ. ಅರಮನೆಯೂ ಇಲ್ಲ, ಮಣ್ಣೂ ಇಲ್ಲ. ಊರವರು ಅದನ್ನು ಕರೆಯುವುದು ಗೌಡನ ಮೊಳ ಎಂದು. ಆ ಹೆಸರಿಗೆ ಕಾರಣ ಒಬ್ಬನ ಒಣ ಜಂಬ.

ಹಿಂದೆ ಒಮ್ಮೆ ಈ ಊರಿಗೆ ನಿಂಗನಗೌಡನೆಂಬವನು ಯಜಮಾನನಾಗಿದ್ದನಂತೆ. ಆಳು ಕುಳ್ಳ, ಮೀಸೆ ಉದ್ದ. ಪಕ್ಕದೂರಲ್ಲಿ ಶಾಲೆ ಎದ್ದಿತೆಂಬ ಹೊಟ್ಟೆಕಿಚ್ಚಿಗೆ ತಾನೂ ಒಂದು ಕಟ್ಟಿಸಹೊರಟ. ಅಕ್ಷರ ಅವನಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೆಲಸ ಹಿಡಿದವನು ಕಲ್ಲುಕುಟಿಗ ಹುಲಗಪ್ಪ. ಕಟ್ಟಿಸುವವನ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದವೇ ಕಟ್ಟಡದ ಮೊಳವೆಂಬುದು ಆ ಸೀಮೆಯ ಪದ್ಧತಿ. ಪಾಯ, ಬಾಗಿಲು, ಕಿಟಕಿ ಎಲ್ಲಕ್ಕೂ ಅದೇ ಅಳತೆ. ಹುಲಗಪ್ಪ ದಾರ ಹಿಡಿದು ಹೋದರೆ, ಕಲ್ಲು ಒಡೆಯುವವನು ತನ್ನ ತೋಳು ಮುಟ್ಟುವುದೇ ಎಂದು ಗೌಡ ಅವನನ್ನು ಅಂಗಳದಿಂದಲೇ ಅಟ್ಟಿದ. ಅಳೆಯುವ ಕೆಲಸ ಕಾರಭಾರಿ ರಾಚಯ್ಯನಿಗೆ ಬಂತು. ಅವನೋ ಬೆಣ್ಣೆ ಹಚ್ಚುವುದರಲ್ಲೇ ತಲೆ ನರೆಸಿಕೊಂಡವನು. ಗೌಡರ ಮೊಳ ಇಷ್ಟು ಗಿಡ್ಡವೆಂದು ಲೋಕಕ್ಕೆ ತೋರಿಸುವುದುಂಟೇ? ಒಂದು ಗೇಣು ಹೆಚ್ಚಿಗೆ ಬಿಟ್ಟು ಗಂಟು ಹಾಕಿ ದಾರವನ್ನು ಗೌಡನೆದುರು ಹಿಡಿದ. ಗೌಡ ಅದನ್ನು ನೋಡಿ ಮೀಸೆ ತಿರುವಿದ.

ದಾರ ಕೈಗೆ ಬಂದಾಗಲೇ ಹುಲಗಪ್ಪನಿಗೆ ಅನುಮಾನ. ಎರಡು ಸಲ ಕೇಳಿದ. ಗೌಡರ ತೋಳಿನ ಮೇಲೇ ಸಂಶಯವೇ ಎಂದು ರಾಚಯ್ಯ ಗದರಿದ ಮೇಲೆ, ಹೇಳಿದ್ದನ್ನು ಕಟ್ಟಿದ. ಎರಡು ಮೊಳದ ಪಾಯ, ಮೊಳಕ್ಕೊಂದರಂತೆ ಎರಡು ಮೆಟ್ಟಿಲು. ಪ್ರವೇಶದ ದಿನ ಸುತ್ತಣ ಏಳು ಊರಿನ ಜನರೆದುರು ಗೌಡ ಜರಿ ರುಮಾಲು ಸುತ್ತಿ ಬಂದು ಕಾಲೆತ್ತಿದ. ಕಾಲು ಮೆಟ್ಟಿಲು ಮುಟ್ಟಲಿಲ್ಲ. ಹೆಂಗಸರ ಗುಂಪಿನಲ್ಲಿ ಕಿಸಕ್ಕೆಂದಿತು. ಸಿಟ್ಟು ನೆತ್ತಿಗೇರಿದ ಗೌಡ, ಹುಲಗಪ್ಪನ ಉಳಿ ಸುತ್ತಿಗೆ ಬಾವಿಗೆಸೆಯಿರಿ, ಇನ್ನು ಈ ಸೀಮೆಯಲ್ಲಿ ಯಾರೂ ಅವನಿಗೆ ಕೆಲಸ ಕೊಡಕೂಡದು ಎಂದ. ಅಜ್ಜನ ಕಾಲದ ಉಳಿ ಅದು. ಹುಲಗಪ್ಪನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಅವನಿಗೆ ಭಯವಾಯಿತು, ಭಯಕ್ಕಿಂತ ಹೆಚ್ಚಾಗಿ ಹೇಸಿಗೆಯಾಯಿತು. ಸೊಂಟದಿಂದ ರಾಚಯ್ಯ ಕೊಟ್ಟಿದ್ದ ಅಳತೆಯ ದಾರ ಬಿಚ್ಚಿ ಮೆಟ್ಟಿಲ ಮೇಲೆ ಹಾಸಿದ.

"ತಪ್ಪು ನಂದಾದ್ರ ಉಳಿ ನಾನ ಬಾವಿಗೆ ಹಾಕ್ತೀನ್ರೀ ಗೌಡ್ರ. ಒಂದ್ಸಲ ಈ ದಾರದ ಮಗ್ಗಲಾಗ ನಿಮ್ಮ ಕೈ ಇಡ್ರಿ."

ರಾಚಯ್ಯ ನೆಲ ನೋಡಿದ. ಕೈ ಇಟ್ಟರೆ ಏಳು ಊರಿನೆದುರು ಗಿಡ್ಡನಾಗಬೇಕು. ಗೌಡ ಬೆವರೊರೆಸಿಕೊಂಡು, "ಅಳತಿ ಬರೋಬ್ಬರಿ ಐತಿ. ನಂದ ಮೊಳ," ಎಂದ. ಹುಲಗಪ್ಪನ ಉಳಿ ಉಳಿಯಿತು. ಆದರೆ ಆ ಮಾತಿಗೆ ಮೆಟ್ಟಿಲೇನೂ ತಗ್ಗಲಿಲ್ಲ. ರಾಚಯ್ಯ ಎತ್ತಲು ಬಂದು ಸೊಂಟ ಹಿಡಿದುಕೊಂಡು ಕೂತ. ಕೊನೆಗೆ ಗೌಡ ಬೇರೆ ದಾರಿ ಕಾಣದೆ ಹುಲಗಪ್ಪನ ಕಡೆ ತಿರುಗಿ ಎರಡೂ ತೋಳು ಚಾಚಿದ. ಮೊದಲ ದಿನ ಶಾಲೆಗೆ ಬಂದ ಕೂಸನ್ನೆತ್ತುವಂತೆ ಹುಲಗಪ್ಪ ಅವನನ್ನು ಕಂಕುಳಲ್ಲಿ ಹಿಡಿದೆತ್ತಿ ಮೇಲಿಟ್ಟ ಎನ್ನುತ್ತಾರೆ.

ಆಮೇಲೆ ಮೂರು ತಲೆಮಾರಿನ ಮಕ್ಕಳನ್ನು ಅಪ್ಪಂದಿರು ಹಾಗೆಯೇ ಎತ್ತಿ ಒಳಗೆ ಬಿಟ್ಟರು. ಮೆಟ್ಟಿಲು ಒಡೆದರೆ ಗೌಡನ ತೋಳು ಗಿಡ್ಡವೆಂದಂತಾಗುತ್ತದೆಂದು ಅವನ ವಂಶದವರು ಒಡೆಯಗೊಡಲಿಲ್ಲ. ಈಗಿನವರು ಒಳಗೆಲ್ಲ ನುಣುಪು ಟೈಲ್ಸ್ ಹಾಕಿಸಿದ್ದಾರೆ. ಮೆಟ್ಟಿಲು ತಗ್ಗಿಸಿದರೆ ಮಾತ್ರ ಮನೆಯ ಗತ್ತು ಹೋಗುತ್ತದಂತೆ. ಸಂಜೆ ಆ ದಾರಿಯಲ್ಲಿ ಹೋದವರು ಇಂದಿಗೂ ನೋಡಬಹುದು: ಮನೆಯ ಯಜಮಾನರು ಕಾರಿನಿಂದಿಳಿದು, ಮೆಟ್ಟಿಲ ಬುಡದಲ್ಲಿ ನಿಂತು ಅತ್ತಿತ್ತ ಕಣ್ಣಾಡಿಸಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಅಂಬೆಗಾಲಿಟ್ಟು ಮೇಲೇರುತ್ತಾರೆ.