ಹಚ್ಚೆಯಿಲ್ಲದ ಮಣಿಕಟ್ಟು

"ಕೇಳಿರಿ! ದೊರೆ ಇಂದುಧರರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ!" ಎಂದು ನವಿಲುಕೋಟೆಯಲ್ಲಿ ಡಂಗುರ ಸಾರಿದರು.

ಅರಮನೆಯಲ್ಲಿ ಹುಟ್ಟಿದ ಮಗುವಿನ ಮಣಿಕಟ್ಟಿಗೆ ಹನ್ನೊಂದನೆಯ ದಿನ ಹಚ್ಚೆಯ ಚುಕ್ಕೆ ಹಾಕಿಸುವುದು ಅಲ್ಲಿನ ಪದ್ಧತಿ. ಚುಕ್ಕೆಯಿಲ್ಲದೆ ಒಳಬಾಗಿಲು ದಾಟಿದವರನ್ನು ಕಾವಲುಗಾರ ಕಡಿಯಬೇಕು. ದೊರೆ ಮಾತ್ರ ಇನ್ನೂ ಒಳ್ಳೆಯ ಮುಹೂರ್ತ ಬರಲೆಂದು ಮಗನ ಚುಕ್ಕೆಯನ್ನು ಮುಂದೂಡುತ್ತಲೇ ಹೋದರು. ಮಗು ಗುರುಕುಲ ಸೇರಿತು. ಹದಿನೆಂಟು ತುಂಬಿ ಮರಳಿದ ದಿನ ಕಾವಲುಗಾರ ಕರಿಯಣ್ಣ ಗುರುತು ಕಾಣದೆ ಕತ್ತಿ ಬೀಸಿ ಕೊಂದ. ಈ ಹುಣ್ಣಿಮೆಗೆ ಅವನಿಗೆ ಶೂಲ.

ಒಗಟು ಬಿಡಿಸಲು ಮೊದಲು ಬಂದ ನೆರೆನಾಡಿನ ರಾಜಕುಮಾರ ಮೊದಲನೆಯದಕ್ಕೇ "ಜೇಡರಬಲೆ" ಎಂದ. ಆಮೇಲೆ ಬಂದ ಪಂಡಿತ ಎರಡನ್ನು ಬಿಡಿಸಿ, ಮೂರನೆಯದಕ್ಕೆ "ತಪ್ಪು ಕತ್ತರಿಯದೇ" ಎಂದ. ಇಬ್ಬರ ತಲೆಯೂ ಹೋಯಿತು.

ಕೊನೆಗೆ ಬಂದವನು ಬೊಮ್ಮ, ಕರಿಯಣ್ಣನ ಮಗ. ಅರಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುತ್ತ, ರಾಜವೈದ್ಯೆಯ ಗಾಜಿನ ಪಾತ್ರೆ ತೊಳೆಯುತ್ತ, ಆಕೆಯ ಪಾಠಗಳನ್ನು ಕಿವಿಯಲ್ಲೇ ಕಲಿತವನು.

"ಏನಯ್ಯ, ಮಜ್ಜಿಗೆ ತಂದಿದ್ದೀಯೋ, ತಲೆಯೋ?" ಎಂದು ಮಂತ್ರಿ ನಕ್ಕ.

"ತಲೆಯೇ ಸ್ವಾಮಿ. ಮಜ್ಜಿಗೆ ಬೆಳಿಗ್ಗೆಯೇ ಕಳಿಸಿದ್ದೇನೆ."

ದೊರೆ ಕೇಳಿದರು: "ಹನಿ ಮೊಸರಿನಲ್ಲಿ ಕೋಟಿ ಮನೆ. ಮನೆ ಕಟ್ಟುವ ಬಗೆಯೆಲ್ಲ ಒಳಗಿನ ಒಂದು ನೂಲಿನಲ್ಲೇ ಬರೆದಿದೆ. ಏನದು?"

"ಮನೆ ಬ್ಯಾಕ್ಟೀರಿಯಾ, ನೂಲು ಡಿಎನ್‌ಎ."

"ಅಲ್ಲೊಂದು ಕತ್ತರಿಯಿದೆ. ಹೊರಗಿನಿಂದ ನುಗ್ಗಿದ ನೂಲನ್ನು ತುಂಡರಿಸುತ್ತದೆ. ಅದೇ ಅಕ್ಷರಗಳಿದ್ದರೂ ಮನೆಯ ನೂಲನ್ನು ಮುಟ್ಟುವುದಿಲ್ಲ. ಏಕೆ?"

"ಮನೆಯ ನೂಲಿನ ಆ ಅಕ್ಷರಗಳ ಮೇಲೆ ಮೀಥೈಲ್ ಎಂಬ ಸಣ್ಣ ಬೊಟ್ಟಿದೆ. ಬೊಟ್ಟಿಟ್ಟರೆ ಬರಹ ಬದಲಾಗದು, ಆದರೆ ಕತ್ತರಿ ಕೂರದು."

ದೊರೆಯ ದನಿ ತಗ್ಗಿತು. "ಆ ಕತ್ತರಿ ತನ್ನ ಮನೆಯ ನೂಲನ್ನೇ ಕತ್ತರಿಸಿದರೆ ತಪ್ಪು ಯಾರದು?"

ಬೊಮ್ಮ ದೊರೆಯ ಮುಖವನ್ನೇ ನೋಡಿದ. "ಆ ಅಕ್ಷರ, ಅದರ ಬೊಟ್ಟು ಬಿಟ್ಟರೆ ಕತ್ತರಿಗೆ ಬೇರೇನೂ ಕಾಣದು, ಮಹಾಪ್ರಭು. ಬೊಟ್ಟಿಡುವ ಕಿಣ್ವವೇ ಬೇರೆ. ಅದು ಕೆಲಸ ನಿಲ್ಲಿಸಿದರೆ ಮನೆ ಉಳಿಯುವುದಿಲ್ಲ. ತಪ್ಪು ಬೊಟ್ಟಿಡದವರದು."

ದೊರೆ ಕಿರೀಟ ತೆಗೆದು ಪಕ್ಕಕ್ಕಿಟ್ಟರು.

"ನನಗೆ ಗೊತ್ತಿತ್ತು. ಯಾರಾದರೂ ಬಾಯಿಬಿಟ್ಟು ಹೇಳಲಿ ಎಂದು ಕಾದೆ. ಹೇಳದವರನ್ನು ಕೊಂದೆ. ಏನು ಬೇಕು, ಬೊಮ್ಮ?"

"ನಮ್ಮಪ್ಪ."

ಕರಿಯಣ್ಣನ ಸಂಕೋಲೆ ಕಳಚಿದರು. ದೊರೆ ತಾವೇ ಇಳಿದು ಅವನೆದುರು ನಿಂತರು.

"ಆ ದಿನ ನನ್ನ ಮಗ ಏನಾದರೂ ಹೇಳಿದನೇ?"

"ಹೇಳಿದರು, ಪ್ರಭು. 'ಒಳಗೆ ನಮ್ಮಪ್ಪ ಇದ್ದಾರೆ, ಕರೆಯಿರಿ' ಎಂದರು." ಕರಿಯಣ್ಣ ತನ್ನ ಬಲಗೈ ನೋಡಿಕೊಂಡ. "ಬಾಗಿಲಿಗೆ ಬಂದವರೆಲ್ಲ ಹಾಗೇ ಹೇಳುತ್ತಿದ್ದರು."