ಹೂಂಗುಟ್ಟಿದ ಮುಸುವಜ್ಜಿ

ಕೆರೆದಂಡೆಯ ಆಲದ ಮರದಲ್ಲಿ ಮುಸುವಜ್ಜಿಯೊಬ್ಬಳು ಕಾವಲು ಕೂರುತ್ತಿದ್ದಳು. ಅವಳ ಅಪ್ಪಣೆಯಿಲ್ಲದೆ ಕೋತಿಹಿಂಡಿನ ಮರಿಗಳು ನೀರಿಗೆ ಇಳಿಯುತ್ತಿರಲಿಲ್ಲ. ಕಿವಿ ಮಂದವಾಗಿ ವರ್ಷವಾಗಿದ್ದರೂ, ಕಾವಲು ಕೈತಪ್ಪೀತೆಂದು ಅವಳು ಯಾರಿಗೂ ಹೇಳಿರಲಿಲ್ಲ. ಯಾರು ಏನೆಂದರೂ ಹೂಂಗುಟ್ಟುತ್ತಿದ್ದಳು.

ಒಂದು ಮಧ್ಯಾಹ್ನ ಜಿಂಕೆ ಮರದಡಿಗೆ ಬಂದು ಪಿಸುಗುಟ್ಟಿತು: "ಅಜ್ಜೀ, ಪೊದೆಯಲ್ಲಿ ಚಿರತೆ ಹೊಂಚು ಹಾಕಿದೆ. ಮರಿಗಳನ್ನು ಇಳಿಸಬೇಡ."

ಅಜ್ಜಿಗೆ ಜಿಂಕೆಯ ತುಟಿ ಅಲುಗಿದ್ದಷ್ಟೇ ಕಂಡಿತು. "ಹೂಂ ಕಣಮ್ಮ, ಹಾಗೇ ಆಗಲಿ," ಎಂದಳು. ಜಿಂಕೆ ನಿಶ್ಚಿಂತೆಯಿಂದ ಹೋಯಿತು. ಬಾಯಾರಿದ ಮರಿಗಳು ಬಂದು ಅಪ್ಪಣೆ ಬೇಡಿದಾಗಲೂ ಅಜ್ಜಿ ಹೂಂ ಎಂದಳು.

ನೀರಿಗಿಳಿದ ಐದರಲ್ಲಿ ನಾಲ್ಕು ಮರಳಿದವು.

ಸಂಜೆ ಅಜ್ಜಿ ಮರವಿಳಿದು, ಜಿಂಕೆಯನ್ನು ಹುಡುಕಿ ಹೋಗಿ, ಅದರ ಬಾಯಿಯ ಬಳಿ ಕಿವಿ ತಂದಳು. "ನನಗೆ ಕಿವಿ ಕೇಳಿಸದು ತಾಯಿ. ಮಧ್ಯಾಹ್ನ ಏನಂದೆ, ಇನ್ನೊಮ್ಮೆ ಹೇಳು."

"ಆಗಲೇ ಹೀಗೆ ಅಂದಿದ್ದರೆ ಹತ್ತು ಸಲ ಹೇಳುತ್ತಿದ್ದೆನಲ್ಲ ಅಜ್ಜಿ," ಎಂದಿತು ಜಿಂಕೆ.