ನೀರು ಹಾಕುವ ಕೆಂಚಯ್ಯ

ಹಿರೇಕೋಟೆಯಲ್ಲಿ ಡಂಗುರ ಸಾರಿದರು: “ಕೇಳ್ರಪ್ಪ ಕೇಳಿ. ಅರಸರ ಮಗಳು ನೀಲಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಕೊಡಲಾಗುವುದು, ಮದುವೆ ಬೇಕೆಂದರೆ ಮದುವೆ. ತಪ್ಪಿದವನಿಗೆ ತಲೆದಂಡ.”

ಒಗಟುಗಳೆಲ್ಲ ಇಂಗ್ಲಿಷಿನ ಒಂದೇ ಕ್ರಿಯಾಪದದ ಮೇಲೆ. ಅಮ್ಮಣ್ಣಿಗೆ ಪಾಠ ಹೇಳುತ್ತಿದ್ದ ಇಂಗ್ಲಿಷ್ ದೊರೆಸಾನಿ ತನ್ನ ದೇಶಕ್ಕೆ ಹೊರಡುವಾಗ ಅವನ್ನೂ ಉತ್ತರಗಳನ್ನೂ ಕಲಿಸಿ ಹೋಗಿದ್ದಳು. ಬಿಡಿಸಬಲ್ಲವರು ಯಾರೂ ಇಲ್ಲವೆಂಬ ಹಮ್ಮು ಅಮ್ಮಣ್ಣಿಗೆ.

“ಮಾಡಿದರೆ ಕೈಯಿಂದ ಏನೂ ಹೋಗದು, ಮಾಡದಿದ್ದರೆ ಎದುರಿನವರ ಮನಸ್ಸು ನೋಯುತ್ತದೆ. ಯಾವ ಕೆಲಸ?” ಎಂದು ತುಂಬಿದ ಸಭೆಯಲ್ಲಿ ಕೇಳಿದಳು ಅಮ್ಮಣ್ಣಿ.

“ನಗುವುದು,” ಎಂದ ಪಾಳೆಯಗಾರನ ಮಗ. ಭಟರು ಅವನನ್ನು ಸೆರೆಗೆ ಒಯ್ದರು.

“ಥ್ಯಾಂಕ್ ಮಾಡುವುದು,” ಎಂದ ದಿವಾನರ ಮಗ. ಅದು ಸರಿಯಿತ್ತು.

“ಆ ಮಾತು ಬೇರೆ ಯಾವ ಕೆಲಸದ ಹೊಟ್ಟೆಯಲ್ಲಿ ಹುಟ್ಟಿತು?”

“ಕೊಡುವುದರಲ್ಲಿ. ಕೊಟ್ಟರೆ ತಾನೇ ಥ್ಯಾಂಕು?”

ಅವನೂ ಸೆರೆಗೆ ಹೋದ. ಮರುದಿನ ಇಬ್ಬರ ತಲೆಯೂ ಉರುಳಬೇಕು.

ಆಗ ಕಂಬದ ಪಕ್ಕದಿಂದ ಒಬ್ಬ ತರುಣ ಮುಂದೆ ಬಂದ.

“ಯಾರಪ್ಪ ನೀನು? ಯಾವ ಊರು?” ಎಂದಳು ಅಮ್ಮಣ್ಣಿ.

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. “ಇದೇ ಊರು ಅಮ್ಮಣ್ಣಿಯವರೇ,” ಎಂದ ಆತ. “ಮೊದಲನೆಯದು ಥ್ಯಾಂಕೇ. ಅದು ಹುಟ್ಟಿದ್ದು ನೆನೆಯೋದರಲ್ಲಿ. ನಮ್ಮ ಕೇರೀಲಿ ಉಂಡು ಹೊರಟವರು ‘ನಿಮ್ಮನ್ನ ನೆನೀತೀವಿ’ ಅಂತಾರೆ. ಇಂಗ್ಲಿಷರೂ ಮನುಷ್ಯರೇ ತಾನೆ?”

“ಸರಿ,” ಎಂದಳು ಅಮ್ಮಣ್ಣಿ ಬೆರಗಾಗಿ. “ಥಿಂಕ್ ಅಂದರೆ ನೆನೆಯುವುದು. ಥ್ಯಾಂಕ್, ಥಿಂಕ್ ಎರಡಕ್ಕೂ ಒಂದೇ ಬೇರು. ಇನ್ನು ಮೂರನೆಯದು. ದಿನವೂ ಯಾರಿಗೆ ಅದನ್ನು ಹೇಳಬೇಕೋ ಅವರಿಗೇ ಹೇಳುವುದಿಲ್ಲ. ಯಾರಿಗೆ?”

ತರುಣ ನೆಲ ನೋಡಿದ.

“ಗೊತ್ತಿಲ್ಲವೇನೋ?” ಎಂದ ಅರಸ.

“ಗೊತ್ತು ಬುದ್ಧಿ. ಹೇಳಿದರೆ ಅಮ್ಮಣ್ಣಿಯವರಿಗೆ ಬೇಜಾರಾಗ್ತದೆ.”

“ಹೇಳದಿದ್ದರೆ ನಿನ್ನ ತಲೆ ಹೋಗ್ತದೆ.”

“ದಿನಾ ಪಕ್ಕದಲ್ಲೇ ಇರೋರಿಗೆ. ಊಟವಾದ ಮೇಲೆ ಅಮ್ಮಣ್ಣಿಯವರ ಕೈಗೆ ನೀರು ಹಾಕೋನು ನಾನೇ.”

ದೊರೆಸಾನಿ ಕಲಿಸಿದ್ದ ಉತ್ತರವೂ ಅದೇ, ಪಕ್ಕದಲ್ಲೇ ಇರುವವರಿಗೆ. ಅಮ್ಮಣ್ಣಿ ಅವನ ಕೈ ನೋಡಿದಳು. ಹೆಬ್ಬೆರಳ ಮೇಲಿನ ಸುಟ್ಟ ಕಲೆಯ ಗುರುತು ಸಿಕ್ಕಿತು. ಮುಖದ ಗುರುತು ಸಿಗಲಿಲ್ಲ. ಯಾವ ಊರು ಎಂದು ತಾನು ಕೇಳಿದ್ದು ನೆನಪಾಗಿ ನಾಚಿಕೆಯಿಂದ ಹಿಡಿಯಷ್ಟಾದಳು.

“ಏನು ಬೇಕೋ ಕೇಳು,” ಎಂದ ಅರಸ.

“ಆ ಇಬ್ಬರನ್ನ ಬಿಟ್ಟುಬಿಡಿ ಬುದ್ಧಿ. ನಮ್ಮವ್ವಂಗೆ ಒಂದು ತುಂಡು ಹೊಲ ಕೊಡಿ.”

“ಮದುವೆ?”

“ನಾನು ಯಾರು ಅಂತಲೇ ಅವರಿಗೆ ಗೊತ್ತಿಲ್ಲವಲ್ಲ ಬುದ್ಧಿ.”

ಅವನು ಕೇಳಿದ ಎರಡನ್ನೂ ಅರಸ ನಡೆಸಿಕೊಟ್ಟ. ಅಮ್ಮಣ್ಣಿ ಪೀಠದಿಂದ ಇಳಿದು ಬಂದಳು. ಇಂಗ್ಲಿಷಿನ ಮಾತು ನಾಲಿಗೆಯ ತುದಿವರೆಗೆ ಬಂದಿತ್ತು. ಅದನ್ನು ನುಂಗಿಕೊಂಡು, “ನಿನ್ನ ಹೆಸರೇನು?” ಎಂದಳು.

“ಕೆಂಚಯ್ಯ.”

“ನೆನೀತೀನಿ, ಕೆಂಚಯ್ಯ,” ಎಂದಳು. ಹಾಗನ್ನುವಾಗ ಅವನ ಮುಖ ನೋಡಿದಳು. ಬಹಳ ಹೊತ್ತು ನೋಡಲಾಗಲಿಲ್ಲ.